ಕಡಿಮೆ ಬೆಲೆಯ ಟ್ಯಾಬ್ಲೆಟ್‌ಗಳಲ್ಲಿ ಯಾವುದು? ಅಂಧರಿಗೂ ಮಂದದೃಷ್ಟಿಯವರಿಗೂ ಒಂದು ಹೋಲಿಕೆ

ಟ್ಯಾಬ್ಲೆಟ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ವಿಚಾರಿಸುವುದು ಪರದೆಯ ಅಳತೆ, ಬ್ಯಾಟರಿ, ಮೆಮೊರಿ ಮತ್ತು ಬೆಲೆ. ಕಣ್ಣು ಕಾಣದವರೂ ಮಸುಕಾಗಿ ಕಾಣುವವರೂ ಇವೆಲ್ಲಕ್ಕಿಂತ ಮೊದಲು ಇನ್ನೊಂದು ಪ್ರಶ್ನೆಯನ್ನು ಕೇಳಬೇಕಾಗುತ್ತದೆ: ಪೆಟ್ಟಿಗೆ ಬಿಚ್ಚಿದ ಗಳಿಗೆಯಿಂದ ಈ ಸಾಧನವನ್ನು ಬೇರೆಯವರ ನೆರವಿಲ್ಲದೆ ನಡೆಸಿಕೊಂಡು ಹೋಗಲು ಸಾಧ್ಯವೇ? ಕಡಿಮೆ ಬೆಲೆಯ ಟ್ಯಾಬ್ಲೆಟ್‌ಗಳ ನಡುವಿನ ವ್ಯತ್ಯಾಸ ಬಯಲಾಗುವುದು ಈ ಪ್ರಶ್ನೆಯಿಂದಲೇ. ಜಾಹೀರಾತಿನಲ್ಲಿ ಒಂದೇ ಬಗೆಯಾಗಿ ಕಾಣುವ ಎರಡು ಟ್ಯಾಬ್ಲೆಟ್‌ಗಳಲ್ಲಿ ಒಂದು ಮೊದಲ ದಿನವೇ ಮಾತನಾಡುತ್ತದೆ, ಇನ್ನೊಂದು ಯಾರಾದರೂ ನೋಡಬಲ್ಲವರು ಬಂದು ಸೆಟ್ಟಿಂಗ್ಸ್ ತೆರೆದುಕೊಡುವವರೆಗೆ ಮೂಕವಾಗಿಯೇ ಕೂತಿರುತ್ತದೆ. ಇಲ್ಲಿ ನಾನು ಆಂಡ್ರಾಯ್ಡ್, ಅಮೆಜಾನ್ ಫೈರ್ ಮತ್ತು ಐಪ್ಯಾಡ್‌ಗಳನ್ನು ವಿವರವಾಗಿಯೂ, ಕ್ರೋಮ್‌ಓಎಸ್ ಮತ್ತು ವಿಂಡೋಸ್ ಟ್ಯಾಬ್ಲೆಟ್‌ಗಳನ್ನು ಚುಟುಕಾಗಿಯೂ ಹೋಲಿಸಿದ್ದೇನೆ. ನಿತ್ಯವೂ ಸ್ಕ್ರೀನ್ ರೀಡರ್ ಬಳಸುವ, ಹೊಸಬರಿಗೆ ಅದನ್ನು ಕಲಿಸಿಕೊಡುವ ಅನುಭವವೇ ಈ ಹೋಲಿಕೆಗೆ ಆಧಾರ.

ಮೊದಲ ಐದು ನಿಮಿಷ

ಸ್ಕ್ರೀನ್ ರೀಡರ್ ಎಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ. ಆಂಡ್ರಾಯ್ಡ್‌ನಲ್ಲಿ ಅದರ ಹೆಸರು ಟಾಕ್‌ಬ್ಯಾಕ್, ಫೈರ್‌ನಲ್ಲಿ ವಾಯ್ಸ್‌ವ್ಯೂ, ಐಪ್ಯಾಡ್‌ನಲ್ಲಿ ವಾಯ್ಸ್‌ಓವರ್. ಮೂರರಲ್ಲೂ ಬಳಕೆಯ ತತ್ವ ಒಂದೇ. ಪರದೆಯ ಮೇಲೆ ಬೆರಳು ಸರಿಸಿದರೆ ಬೆರಳಿನ ಕೆಳಗಿರುವುದನ್ನು ಓದುತ್ತದೆ; ಬಲಕ್ಕೆ ಅಥವಾ ಎಡಕ್ಕೆ ಬೆರಳು ಬೀಸಿದರೆ ಮುಂದಿನ ಅಥವಾ ಹಿಂದಿನ ಅಂಶಕ್ಕೆ ಹೋಗುತ್ತದೆ; ಎರಡು ಸಲ ತಟ್ಟಿದರೆ ಆಯ್ಕೆಯಾಗುತ್ತದೆ. ಒಂದನ್ನು ಕಲಿತವರಿಗೆ ಇನ್ನೊಂದಕ್ಕೆ ಹೊಂದಿಕೊಳ್ಳಲು ಬಹಳ ದಿನ ಬೇಕಾಗುವುದಿಲ್ಲ.

ಆದರೆ ಅದನ್ನು ಮೊದಲ ಸಲ ಚಾಲೂ ಮಾಡುವ ಬಗೆ ಮೂರರಲ್ಲೂ ಬೇರೆ. ಐಪ್ಯಾಡ್‌ನಲ್ಲಿ ಸ್ವಾಗತದ ಪರದೆ ಬಂದ ಮೇಲೆ ಹೋಮ್ ಬಟನ್ ಅನ್ನು, ಹೋಮ್ ಬಟನ್ ಇಲ್ಲದ ಮಾದರಿಯಾದರೆ ಮೇಲಂಚಿನ ಬಟನ್ ಅನ್ನು, ಬೇಗ ಬೇಗ ಮೂರು ಸಲ ಒತ್ತಿದರೆ ವಾಯ್ಸ್‌ಓವರ್ ಮಾತನಾಡತೊಡಗುತ್ತದೆ. ಇದು ಪ್ರತಿ ಐಪ್ಯಾಡ್‌ನಲ್ಲೂ ನಡೆಯುತ್ತದೆ. ಫೈರ್‌ನಲ್ಲಿ ಪವರ್ ಬಟನ್ ಅನ್ನು ಸೂಚನೆಯ ಸದ್ದು ಕೇಳುವವರೆಗೆ ಒತ್ತಿ ಹಿಡಿದು, ಬಳಿಕ ಎರಡು ಬೆರಳುಗಳನ್ನು ಸ್ವಲ್ಪ ಅಂತರದಲ್ಲಿ ಪರದೆಯ ಮೇಲೆ ಐದು ಸೆಕೆಂಡು ಇಟ್ಟುಕೊಳ್ಳಬೇಕು. ಆಂಡ್ರಾಯ್ಡ್‌ನಲ್ಲಿ ಧ್ವನಿ ಏರಿಸುವ ಮತ್ತು ಇಳಿಸುವ ಎರಡೂ ಬಟನ್‌ಗಳನ್ನು ಒಟ್ಟಿಗೆ ಮೂರು ಸೆಕೆಂಡು ಹಿಡಿಯುವುದು ರೂಢಿ. ಹಳೆಯ ಕೆಲವು ಸಾಧನಗಳಲ್ಲಿ ಸ್ವಾಗತದ ಪರದೆಯ ಮೇಲೆ ಎರಡು ಬೆರಳಿಟ್ಟು ಕಾಯಬೇಕು.

ಆಂಡ್ರಾಯ್ಡ್‌ನ ತೊಡಕು ಶುರುವಾಗುವುದು ಇಲ್ಲಿಂದಲೇ. ಆಂಡ್ರಾಯ್ಡ್ ಎಂಬುದು ನೂರಾರು ತಯಾರಕರು ತಮಗೆ ಬೇಕಾದಂತೆ ಬದಲಿಸಿಕೊಂಡು ಮಾರುವ ವ್ಯವಸ್ಥೆ. ಹೆಸರಾಂತ ತಯಾರಕರ ಟ್ಯಾಬ್ಲೆಟ್‌ಗಳಲ್ಲಿ ಟಾಕ್‌ಬ್ಯಾಕ್ ಮೊದಲೇ ಇರುತ್ತದೆ. ತೀರ ಅಗ್ಗದ ಕೆಲವು ಟ್ಯಾಬ್ಲೆಟ್‌ಗಳಲ್ಲಿ ಅದನ್ನು ಪ್ಲೇ ಸ್ಟೋರ್‌ನಿಂದ ಇಳಿಸಿಕೊಳ್ಳಬೇಕಾಗುತ್ತದೆ, ಇಳಿಸಿಕೊಳ್ಳಲು ಪರದೆ ಓದಬೇಕು, ಪರದೆ ಓದಲು ಟಾಕ್‌ಬ್ಯಾಕ್ ಬೇಕು. ಇಂಥದೊಂದು ಟ್ಯಾಬ್ಲೆಟ್ ಒಮ್ಮೆ ನನ್ನ ಕೈಗೂ ಬಂದಿತ್ತು. ಧ್ವನಿ ಬಟನ್‌ಗಳನ್ನು ಎಷ್ಟು ಹೊತ್ತು ಹಿಡಿದರೂ ಅದು ಬಾಯಿ ಬಿಡಲಿಲ್ಲ. ಸಂಜೆ ನೋಡಬಲ್ಲ ಒಬ್ಬರು ಬರುವವರೆಗೂ ಅದನ್ನು ಮೇಜಿನ ಮೇಲೆ ಇಟ್ಟುಕೊಂಡು ಕಾಯಬೇಕಾಯಿತು. ಒಂದು ದಿನದ ಕಾಯುವಿಕೆ ದೊಡ್ಡದಲ್ಲ ಎನ್ನಬಹುದು. ಆದರೆ ಫ್ಯಾಕ್ಟರಿ ರಿಸೆಟ್ ಮಾಡಬೇಕಾಗಿ ಬಂದಾಗಲೆಲ್ಲ ಇದೇ ಕಾಯುವಿಕೆ ಮತ್ತೆ ಎದುರಾಗುತ್ತದೆ. ಆದುದರಿಂದ ಕೊಳ್ಳುವ ಮುನ್ನವೇ ಪ್ರದರ್ಶನಕ್ಕಿಟ್ಟ ಸಾಧನದ ಮೇಲೆ ಈ ಬಟನ್‌ಗಳನ್ನು ಒತ್ತಿ ನೋಡಿ, ಅದು ಮಾತನಾಡುತ್ತದೆಯೇ ಎಂದು ಕಿವಿಯಾರೆ ಕೇಳಿಯೇ ಮುಂದುವರಿಯಿರಿ ಎಂಬುದು ನನ್ನ ಒತ್ತಾಯ.

ಬೆರಳಿಗೂ ಮಾತಿಗೂ ನಡುವಿನ ಅಂತರ

ನೋಡಿ ಬಳಸುವವರಿಗೆ ನಿಧಾನದ ಟ್ಯಾಬ್ಲೆಟ್ ಎಂದರೆ ಕಿರಿಕಿರಿ. ಕೇಳಿ ಬಳಸುವವರಿಗೆ ಅದೇ ನಿಧಾನ ತಪ್ಪಿಗೆ ದಾರಿ. ಬೆರಳು ಮೂರನೆಯ ಅಂಶದ ಮೇಲಿರುವಾಗ ಸಾಧನ ಇನ್ನೂ ಒಂದನೆಯದನ್ನು ಓದುತ್ತಿದ್ದರೆ, ಕೇಳಿದ್ದೇ ಸರಿಯೆಂದು ನಂಬಿ ಎರಡು ಸಲ ತಟ್ಟಿದವರು ಬೇರೆಯದೇ ಬಟನ್ ಒತ್ತಿರುತ್ತಾರೆ. ಅಂಕಿಗಳ ಕೀಲಿಮಣೆಯಲ್ಲಿ ಗುಪ್ತಸಂಖ್ಯೆ ಹಾಕುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ: ‘ನಾಲ್ಕು’ ಎಂದು ಕೇಳಿ ಬೆರಳೆತ್ತುವ ಹೊತ್ತಿಗೆ ಬೆರಳು ಐದರ ಮೇಲೆ ಸರಿದಿರುತ್ತದೆ, ಗುಪ್ತಸಂಖ್ಯೆ ತಪ್ಪಾಗುತ್ತದೆ, ಹಲವು ಸಲ ಹೀಗಾದರೆ ಸಾಧನ ಕೆಲ ಹೊತ್ತು ಬೀಗ ಹಾಕಿಕೊಳ್ಳುತ್ತದೆ.

ಸ್ಕ್ರೀನ್ ರೀಡರ್, ಬರೆಹವನ್ನು ಧ್ವನಿಯಾಗಿಸುವ ಮಾತಿನ ಎಂಜಿನ್ ಮತ್ತು ಬಳಸುತ್ತಿರುವ ಆ್ಯಪ್ ಈ ಮೂರೂ ಒಂದೇ ಹೊತ್ತಿಗೆ ಮೆಮೊರಿಯಲ್ಲಿ, ಅಂದರೆ ರ‍್ಯಾಮ್‌ನಲ್ಲಿ, ಇರಬೇಕಾಗುತ್ತದೆ. ಮೆಮೊರಿ ಸಾಲದಿದ್ದಾಗ ವ್ಯವಸ್ಥೆ ಯಾವುದಾದರೂ ಒಂದನ್ನು ಹೊರಗೆ ತಳ್ಳುತ್ತದೆ, ಮಾತು ತಡವರಿಸುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಆಂಡ್ರಾಯ್ಡ್ 13ರ ಗೋ ಆವೃತ್ತಿಗೆ, ಅಂದರೆ ಅಗ್ಗದ ಸಾಧನಗಳಿಗಾಗಿ ಹಗುರಗೊಳಿಸಿದ ಆವೃತ್ತಿಗೆ, ಕನಿಷ್ಠ 2 ಜಿಬಿ ರ‍್ಯಾಮ್ ಸಾಕು. ಆದರೆ ಸಾಧನ ಚಾಲೂ ಆಗಲು ಸಾಕಾಗುವುದು ಬೇರೆ, ಟಾಕ್‌ಬ್ಯಾಕ್ ಜತೆ ಸರಾಗವಾಗಿ ನಡೆಯಲು ಬೇಕಾಗುವುದು ಬೇರೆ. ನನ್ನ ಅನುಭವದಲ್ಲಿ 2 ಜಿಬಿಯ ಟ್ಯಾಬ್ಲೆಟ್ ಸ್ಕ್ರೀನ್ ರೀಡರ್ ಬಳಕೆಗೆ ಹೇಳಿಸಿದ್ದಲ್ಲ. 3 ಜಿಬಿ ಹೇಗೋ ನಡೆಯುತ್ತದೆ. 4 ಜಿಬಿ ಇದ್ದರೆ ನೆಮ್ಮದಿ. ಹಣದ ಮಿತಿ ಬಿಗಿಯಾಗಿದ್ದರೆ ಪರದೆಯ ಸ್ಪಷ್ಟತೆಯನ್ನೋ ಕ್ಯಾಮೆರಾವನ್ನೋ ಬಿಟ್ಟುಕೊಡಿ, ರ‍್ಯಾಮ್‌ನಲ್ಲಿ ಮಾತ್ರ ಚೌಕಾಸಿ ಬೇಡ. ಪೂರ್ತಿ ಅಂಧರಾದವರಿಗೆ ಪರದೆಯ ಸ್ಪಷ್ಟತೆಯಿಂದ ಆಗಬೇಕಾದ್ದೇನೂ ಇಲ್ಲ, ಹಾಗಾಗಿ ಅಲ್ಲಿ ಉಳಿಸಿದ ಹಣವನ್ನು ಇಲ್ಲಿ ಹಾಕಬಹುದು.

ಮೂರು ಕುಟುಂಬಗಳು

ಆಂಡ್ರಾಯ್ಡ್‌ನ ದೊಡ್ಡ ಬಲ ಅದರ ಬಿಡಿತನ. ಮಾತಿನ ಎಂಜಿನ್ ಹಿಡಿಸದಿದ್ದರೆ ಬೇರೆಯದನ್ನು ಹಾಕಿಕೊಳ್ಳಬಹುದು, ಕೀಲಿಮಣೆ ಬದಲಿಸಬಹುದು, ಹೋಮ್ ಪರದೆಯನ್ನೇ ಬದಲಿಸಬಹುದು. ಟಾಕ್‌ಬ್ಯಾಕ್ ಬಹುಪಾಲು ಪ್ಲೇ ಸ್ಟೋರ್ ಮೂಲಕವೇ ಪರಿಷ್ಕಾರಗೊಳ್ಳುವುದರಿಂದ, ತಯಾರಕರು ಆಂಡ್ರಾಯ್ಡ್‌ನ ಹೊಸ ಆವೃತ್ತಿ ಕೊಡದೆ ಕೈಬಿಟ್ಟ ಟ್ಯಾಬ್ಲೆಟ್‌ನಲ್ಲೂ ಸ್ಕ್ರೀನ್ ರೀಡರ್ ಒಂದಷ್ಟು ವರ್ಷ ಹೊಸದಾಗಿಯೇ ಉಳಿಯುತ್ತದೆ. ಆದರೂ ಕೆಲವು ಸೌಲಭ್ಯಗಳು ಆಂಡ್ರಾಯ್ಡ್ ಆವೃತ್ತಿಗೇ ಅಂಟಿಕೊಂಡಿವೆ. 2021ರಲ್ಲಿ ಬಂದ ಟಾಕ್‌ಬ್ಯಾಕ್ 9.1ರ ಬಹುಬೆರಳಿನ ಸಂಜ್ಞೆಗಳು ಅದಕ್ಕೆ ಉದಾಹರಣೆ. ಮೂರು ಬೆರಳುಗಳನ್ನು ಮೇಲೆ ಕೆಳಗೆ ಬೀಸಿ ಅಕ್ಷರ, ಪದ, ಸಾಲು, ಶೀರ್ಷಿಕೆ ಎಂದು ಓದುವ ಬಗೆಯನ್ನು ಬದಲಿಸುವ ಈ ಅನುಕೂಲಕ್ಕೆ ಆಂಡ್ರಾಯ್ಡ್ 11 ಅಥವಾ ಮೇಲಿನದು ಬೇಕು. ಅದಕ್ಕೂ ಹಳೆಯ ಆವೃತ್ತಿಯ ಟ್ಯಾಬ್ಲೆಟ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಈ ಗುಂಪಿನಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಟ್ಯಾಬ್ ಎ ಸಾಲನ್ನು ನಾನು ಮೊದಲಿಗೆ ಹೆಸರಿಸುತ್ತೇನೆ. ಹಿಂದೆ ಸ್ಯಾಮ್‌ಸಂಗ್ ವಾಯ್ಸ್ ಅಸಿಸ್ಟೆಂಟ್ ಎಂಬ ತನ್ನದೇ ಸ್ಕ್ರೀನ್ ರೀಡರ್ ಕೊಡುತ್ತಿತ್ತು. ಆಂಡ್ರಾಯ್ಡ್ 11ರ ಹೊತ್ತಿಗೆ ಅದನ್ನು ಬಿಟ್ಟು ಟಾಕ್‌ಬ್ಯಾಕ್‌ಗೇ ಬಂದಿತು. 2023ರ ಟ್ಯಾಬ್ ಎ9 ಮತ್ತು ಎ9 ಪ್ಲಸ್ ಎರಡರಲ್ಲೂ ಕನಿಷ್ಠ 4 ಜಿಬಿ ರ‍್ಯಾಮ್ ಇದೆ, 3.5 ಮಿಲಿಮೀಟರ್‌ನ ಹೆಡ್‌ಫೋನ್ ಕಿಂಡಿಯೂ ಇದೆ. ಎ9ರದು 8.7 ಇಂಚಿನ ಪರದೆ, ತೂಕ ಸುಮಾರು 330 ಗ್ರಾಂ. ಎ9 ಪ್ಲಸ್‌ನದು 11 ಇಂಚು, ತೂಕ ಸುಮಾರು 480 ಗ್ರಾಂ. ಎರಡರಲ್ಲೂ ಬೆರಳಚ್ಚಿನ ಸಂವೇದಕವಿಲ್ಲ ಎಂಬುದು ಅಂಧರ ಮಟ್ಟಿಗೆ ಒಂದು ಕೊರತೆಯೇ. ಮುಖ ತೋರಿಸಿ ಬೀಗ ತೆರೆಯಲು ಕ್ಯಾಮೆರಾ ಎತ್ತ ನೋಡುತ್ತಿದೆ ಎಂಬ ಅಂದಾಜು ಬೇಕು, ಗುಪ್ತಸಂಖ್ಯೆ ಹಾಕಿದರೆ ಸ್ಪೀಕರ್ ಅದನ್ನು ಸುತ್ತಲಿನವರಿಗೂ ಸಾರುತ್ತದೆ. ಹೆಡ್‌ಫೋನ್ ಹಾಕಿಕೊಂಡೇ ಬೀಗ ತೆರೆಯುವುದನ್ನು ಅಭ್ಯಾಸ ಮಾಡಿಕೊಳ್ಳಬೇಕಾಗುತ್ತದೆ.

ಫೈರ್ ಟ್ಯಾಬ್ಲೆಟ್‌ಗಳು ಬೆಲೆಯಲ್ಲಿ ಆಂಡ್ರಾಯ್ಡ್‌ನ ಹೆಸರಾಂತ ಮಾದರಿಗಳಿಗಿಂತಲೂ ಕೆಳಗಿರುತ್ತವೆ, ಅಷ್ಟು ಕಡಿಮೆ ಬೆಲೆಗೂ ಸ್ಕ್ರೀನ್ ರೀಡರ್ ಒಳಗೇ ಇರುತ್ತದೆ. ಅಮೆಜಾನ್‌ನಲ್ಲಿ ಕೊಂಡ ಕಿಂಡಲ್ ಪುಸ್ತಕಗಳನ್ನು ವಾಯ್ಸ್‌ವ್ಯೂನಲ್ಲಿ ಕೇಳುವುದು, ಆಡಿಬಲ್‌ನ ಧ್ವನಿಪುಸ್ತಕ ಕೇಳುವುದು, ಅಲೆಕ್ಸಾಗೆ ಮಾತಿನಲ್ಲೇ ಅಪ್ಪಣೆ ಕೊಡುವುದು, ಇವಿಷ್ಟೇ ಬೇಕಾದವರಿಗೆ ಇದು ಒಳ್ಳೆಯ ಆಯ್ಕೆ. ಆದರೆ ಅದರ ಕಾರ್ಯವ್ಯವಸ್ಥೆಯಾದ ಫೈರ್‌ಓಎಸ್ ಆಂಡ್ರಾಯ್ಡ್‌ನ ತಳಹದಿಯ ಮೇಲೆಯೇ ನಿಂತಿದ್ದರೂ ಗೂಗಲ್ ಪ್ಲೇ ಅದರಲ್ಲಿಲ್ಲ. ಬ್ಯಾಂಕಿನ ಆ್ಯಪ್, ಶಾಲೆಯ ಆ್ಯಪ್, ಪಠ್ಯ ಗುರುತಿಸಿ ಓದುವ ಆ್ಯಪ್ ಅಮೆಜಾನ್‌ನ ಆ್ಯಪ್‌ಸ್ಟೋರ್‌ನಲ್ಲಿ ಇರುತ್ತದೆಂಬ ಭರವಸೆಯಿಲ್ಲ. ಅಡ್ಡದಾರಿಯಲ್ಲಿ ಪ್ಲೇ ಸ್ಟೋರ್ ಹಾಕಿಕೊಳ್ಳುವ ವಿಧಾನಗಳನ್ನು ಕೆಲವರು ಹೇಳಿಕೊಡುತ್ತಾರೆ. ಹೀಗೆ ಕಟ್ಟಿದ ವ್ಯವಸ್ಥೆ ಮುಂದಿನ ಪರಿಷ್ಕಾರದಲ್ಲಿ ಕೆಟ್ಟರೆ ಅದನ್ನು ಸರಿಪಡಿಸಲು ಮತ್ತೆ ಬೇರೆಯವರ ಕಣ್ಣೇ ಬೇಕಾಗುವುದರಿಂದ, ಅದನ್ನು ನಂಬಿ ಫೈರ್ ಕೊಳ್ಳುವುದು ಸರಿಯಲ್ಲ.

ಐಪ್ಯಾಡ್ ಕಡಿಮೆ ಬೆಲೆಯ ಸಾಲಿಗೆ ಸೇರುತ್ತದೆಯೇ ಎಂಬ ಆಕ್ಷೇಪ ಏಳಬಹುದು. ಹೊಸದು ಸೇರುವುದಿಲ್ಲ ಎಂದೇ ಇಟ್ಟುಕೊಳ್ಳೋಣ. ನವೀಕರಿಸಿ ಮಾರುವ ಹಳೆಯ ಐಪ್ಯಾಡ್ ಮಾತ್ರ ಖಂಡಿತ ಈ ಹೋಲಿಕೆಯಲ್ಲಿರಬೇಕು. ಕಾರಣ ಪರಿಷ್ಕಾರಗಳ ಆಯುಷ್ಯ. 2025ರ ಐಪ್ಯಾಡ್‌ಓಎಸ್ 26 ಐದು ವರ್ಷ ಹಿಂದಿನ, 2020ರ ಎಂಟನೆಯ ಪೀಳಿಗೆಯ ಐಪ್ಯಾಡ್‌ಗೂ ದೊರೆಯುತ್ತದೆ. ಹಳೆಯದರಲ್ಲಿ ನಾನು ಹೆಚ್ಚು ಮೆಚ್ಚುವುದು 2021ರ ಒಂಬತ್ತನೆಯ ಪೀಳಿಗೆಯ ಮಾದರಿಯನ್ನು. ಬೆರಳಿಗೆ ತಡವಿ ಸಿಗುವ ಹೋಮ್ ಬಟನ್, ಅದರಲ್ಲೇ ಬೆರಳಚ್ಚಿನ ಸಂವೇದಕ, ಹೆಡ್‌ಫೋನ್ ಕಿಂಡಿ, 10.2 ಇಂಚಿನ ಪರದೆ ಇವೆಲ್ಲ ಒಂದೇ ಕಡೆ ಸಿಗುವ ಕೊನೆಯ ಸಾಮಾನ್ಯ ಐಪ್ಯಾಡ್ ಅದು. 2022ರ ಹತ್ತನೆಯ ಪೀಳಿಗೆಯಲ್ಲಿ ಹೋಮ್ ಬಟನ್ನೂ ಹೋಯಿತು, ಹೆಡ್‌ಫೋನ್ ಕಿಂಡಿಯೂ ಹೋಯಿತು. ಬೆರಳಚ್ಚು ಮೇಲಂಚಿನ ಬಟನ್‌ಗೆ ಸರಿಯಿತು.

ವಾಯ್ಸ್‌ಓವರ್ 2009ರಲ್ಲಿ ಐಫೋನ್‌ಗೆ ಬಂದಾಗಿನಿಂದಲೂ ಸಾಧನ, ವ್ಯವಸ್ಥೆ, ಸ್ಕ್ರೀನ್ ರೀಡರ್ ಮೂರನ್ನೂ ಒಂದೇ ಸಂಸ್ಥೆ ಮಾಡುತ್ತಿರುವುದರ ಪ್ರಯೋಜನ ಬಳಕೆಯಲ್ಲಿ ತಿಳಿಯುತ್ತದೆ. ಎರಡು ಬೆರಳುಗಳನ್ನು ಗುಂಡಿ ತಿರುಗಿಸುವಂತೆ ತಿರುಗಿಸಿದರೆ ಓದುವ ಬಗೆ, ಮಾತಿನ ವೇಗ, ಭಾಷೆ ಎಲ್ಲವೂ ಬದಲಾಗುತ್ತವೆ. ಮೂರು ಬೆರಳುಗಳಿಂದ ಮೂರು ಸಲ ತಟ್ಟಿದರೆ ಪರದೆ ಪೂರ್ತಿ ಕಪ್ಪಾಗಿ, ಪಕ್ಕದಲ್ಲಿ ಕೂತವರಿಗೆ ನಮ್ಮ ಪತ್ರ ಕಾಣದಂತಾಗುತ್ತದೆ. ಹಳೆಯ ಐಪ್ಯಾಡ್ ಕೊಳ್ಳುವಾಗ ಹಿಂದಿನವರ ಖಾತೆಯ ಬೀಗ ತೆರವಾಗಿದೆಯೇ, ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬ ಎರಡನ್ನು ತಪ್ಪದೆ ವಿಚಾರಿಸಬೇಕು.

ಕ್ರೋಮ್‌ಓಎಸ್ ಟ್ಯಾಬ್ಲೆಟ್‌ಗಳಲ್ಲಿ ಕ್ರೋಮ್‌ವಾಕ್ಸ್ ಎಂಬ ಸ್ಕ್ರೀನ್ ರೀಡರ್ ಇದೆ. ಕೀಲಿಮಣೆ ಜೋಡಿಸಿಕೊಂಡು ಬಹುಪಾಲು ಬ್ರೌಸರ್‌ನಲ್ಲೇ ಕೆಲಸ ಮಾಡುವವರಿಗೆ ಅದು ಸಾಕು, ಬೆರಳಿನಿಂದಲೇ ಬಳಸುವವರಿಗೆ ಟಾಕ್‌ಬ್ಯಾಕ್‌ನಷ್ಟು ಹದವಾಗಿಲ್ಲ. ವಿಂಡೋಸ್ ಟ್ಯಾಬ್ಲೆಟ್‌ನಲ್ಲಿ ನರೇಟರ್ ಎಂಬ ಸ್ಕ್ರೀನ್ ರೀಡರ್ ಜತೆಗೇ ಬರುತ್ತದೆ, ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಹಾಕಿಕೊಳ್ಳಬಹುದು. ದೊಡ್ಡ ದಾಖಲೆಗಳನ್ನು ಬರೆದು ತಿದ್ದುವ ಕೆಲಸವಿದ್ದರೆ ಎನ್‌ವಿಡಿಎಗೆ ಸಾಟಿಯಿಲ್ಲ, ಆದರೆ ಅಗ್ಗದ ವಿಂಡೋಸ್ ಟ್ಯಾಬ್ಲೆಟ್‌ನ ದುರ್ಬಲ ಪ್ರೊಸೆಸರ್ ಅದನ್ನೂ ಏದುಸಿರು ಬಿಡುವಂತೆ ಮಾಡುತ್ತದೆ. ಆ ಹಣಕ್ಕೆ ಲ್ಯಾಪ್‌ಟಾಪ್ ಕೊಳ್ಳುವುದೇ ಮೇಲು.

ಕನ್ನಡದ ಧ್ವನಿ

ಸಾಧನ ಇಂಗ್ಲಿಷಿನಲ್ಲಿ ಎಷ್ಟೇ ಚೆನ್ನಾಗಿ ಮಾತನಾಡಿದರೂ, ಕನ್ನಡದಲ್ಲಿ ಬಂದ ಸಂದೇಶದ ಎದುರು ಅದು ಸುಮ್ಮನಾಗಿಬಿಟ್ಟರೆ ನಮಗೆ ಆ ಸಾಧನ ಅರ್ಧ ಮಾತ್ರ. ಆಂಡ್ರಾಯ್ಡ್‌ನಲ್ಲಿ ಗೂಗಲ್‌ನ ಮಾತಿನ ಎಂಜಿನ್ ಕನ್ನಡ ಓದುತ್ತದೆ. ಇ-ಸ್ಪೀಕ್ ಎನ್‌ಜಿ ಎಂಬ ಮುಕ್ತ ತಂತ್ರಾಂಶವೂ ಕನ್ನಡ ಓದುತ್ತದೆ. ಎರಡರ ಗುಣ ಬೇರೆ ಬೇರೆ. ಗೂಗಲ್‌ನ ಧ್ವನಿ ಮನುಷ್ಯರ ಧ್ವನಿಗೆ ಹತ್ತಿರ, ಕಥೆ ಕಾದಂಬರಿ ಕೇಳಲು ಹಿತ. ಇ-ಸ್ಪೀಕ್‌ನದು ಯಂತ್ರದ ದನಿ, ಮೊದಲ ದಿನ ಯಾರಿಗೂ ಹಿಡಿಸುವುದಿಲ್ಲ. ಆದರೆ ಅದು ಬಹಳ ಹಗುರ, ಬೆರಳು ಸರಿದೊಡನೆ ಮಾತು ಹೊರಡುತ್ತದೆ, ವೇಗ ಎಷ್ಟೇ ಏರಿಸಿದರೂ ಉಚ್ಚಾರ ಕಲಸಿಹೋಗುವುದಿಲ್ಲ. ರ‍್ಯಾಮ್ ಕಡಿಮೆಯಿರುವ ಟ್ಯಾಬ್ಲೆಟ್ ಈಗಾಗಲೇ ಕೈಯಲ್ಲಿದ್ದರೆ ಮಾತಿನ ಎಂಜಿನ್ ಬದಲಿಸಿ ನೋಡಿ. ಹೊಸ ಸಾಧನ ಕೊಳ್ಳುವ ಅಗತ್ಯವೇ ಬೀಳದಿರಬಹುದು. ಗೂಗಲ್‌ನ ಎಂಜಿನ್ ಬಳಸುವವರು ಕನ್ನಡದ ಧ್ವನಿ ದತ್ತಾಂಶವನ್ನು ಮೊದಲೇ ಇಳಿಸಿಟ್ಟುಕೊಳ್ಳಬೇಕು, ಇಲ್ಲವಾದರೆ ಇಂಟರ್ನೆಟ್ ಇಲ್ಲದ ಕಡೆ ತೊಂದರೆಯಾಗುತ್ತದೆ.

ಆಪಲ್ ಸಾಧನಗಳಲ್ಲಿ ಕನ್ನಡದ ಧ್ವನಿಗೆ ಬಹಳ ವರ್ಷ ಕಾಯಬೇಕಾಯಿತು. ಈಗ ‘ಸೌಮ್ಯ’ ಎಂಬ ಹೆಸರಿನ ಕನ್ನಡ ಧ್ವನಿಯಿದೆ. ಐಪ್ಯಾಡ್‌ಓಎಸ್ 16 ಅಥವಾ ಮೇಲಿನದು ನಡೆಯುವ ಮಾದರಿಯನ್ನೇ ಆರಿಸಿಕೊಳ್ಳಲು ಇದೂ ಒಂದು ಕಾರಣ. ಫೈರ್ ಕೊಳ್ಳುವವರು ಮಾತ್ರ ವಾಯ್ಸ್‌ವ್ಯೂನ ಭಾಷೆಗಳ ಪಟ್ಟಿಯನ್ನು ಮೊದಲೇ ನೋಡಿಕೊಳ್ಳಬೇಕು. ಕನ್ನಡದಲ್ಲಿ ಓದುವುದೇ ಮುಖ್ಯವಾದವರಿಗೆ ನಾನು ಫೈರ್ ಸೂಚಿಸುವುದಿಲ್ಲ. ಬರೆಯುವ ವಿಷಯಕ್ಕೆ ಬಂದರೆ, ಆಂಡ್ರಾಯ್ಡ್‌ನ ಜಿಬೋರ್ಡ್ ಕೀಲಿಮಣೆಯಲ್ಲಿ ಕನ್ನಡದಲ್ಲಿ ಮಾತನಾಡಿ ಬರೆಸುವ ಸೌಲಭ್ಯವಿರುವುದು ದೊಡ್ಡ ಅನುಕೂಲ, ಒತ್ತಕ್ಷರಗಳನ್ನು ಬೆರಳಿನಿಂದ ಹುಡುಕಿ ಒತ್ತುವ ಶ್ರಮ ತಪ್ಪುತ್ತದೆ.

ಧ್ವನಿ ಸರಿಯಿದ್ದೂ ಪುಸ್ತಕ ಓದದಿದ್ದರೆ ದೋಷ ಕಡತದಲ್ಲಿರುತ್ತದೆ ಎಂಬುದನ್ನೂ ಹೇಳಬೇಕು. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಫಾಂಟ್‌ಗಳಲ್ಲಿ ಮಾಡಿದ ಪಿಡಿಎಫ್ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಲ್ಯಾಟಿನ್ ಅಕ್ಷರಗಳ ಸರಮಾಲೆಯಾಗಿರುತ್ತದೆ. ಯಾವ ಟ್ಯಾಬ್ಲೆಟ್ ತಂದರೂ ಅದನ್ನು ಅರ್ಥವಿಲ್ಲದ ಶಬ್ದಗಳಾಗಿಯೇ ಓದುತ್ತದೆ. ಹೊಸ ಟ್ಯಾಬ್ಲೆಟ್ ಕೆಟ್ಟಿದೆಯೆಂದು ಹಿಂದಿರುಗಿಸುವ ಮುನ್ನ ಯೂನಿಕೋಡ್‌ನಲ್ಲಿರುವ ಒಂದು ಕಡತವನ್ನು, ಸಾಧ್ಯವಾದರೆ ಇಪಬ್ ರೂಪದ ಇ-ಪುಸ್ತಕವೊಂದನ್ನು ತೆರೆದು ಕೇಳಿ.

ಮಂದದೃಷ್ಟಿ ಎಂದರೆ ಒಂದೇ ಬಗೆಯಲ್ಲ

ಮಂದದೃಷ್ಟಿಯವರಿಗೆ ದೊಡ್ಡ ಪರದೆಯೇ ಒಳ್ಳೆಯದು ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಇದು ಅರ್ಧ ನಿಜ. ಅಕ್ಷಿಪಟಲದ ನಡುಭಾಗ ಸವೆದು ದೃಷ್ಟಿಯ ಮಧ್ಯವೇ ಮಸುಕಾದವರಿಗೆ ಅಕ್ಷರ ದೊಡ್ಡದಾದಷ್ಟೂ ಓದು ಹಗುರವಾಗುತ್ತದೆ, ಅಕ್ಷರ ದೊಡ್ಡದಾದರೂ ಸಾಲಿನಲ್ಲಿ ಹೆಚ್ಚು ಪದಗಳು ಉಳಿಯಲು ಪರದೆಯೂ ದೊಡ್ಡದಿರಬೇಕು; ಅವರಿಗೆ 10 ಇಂಚಿನ ಮೇಲಿನದೇ ಸರಿ. ಆದರೆ ರೆಟಿನೈಟಿಸ್ ಪಿಗ್ಮೆಂಟೋಸಾ ಅಥವಾ ಮುಂದುವರಿದ ಗ್ಲಾಕೋಮಾದಿಂದ ಸುತ್ತಲಿನ ನೋಟ ಹೋಗಿ, ಕೊಳವೆಯೊಳಗಿಂದ ಇಣುಕಿದಂತೆ ಕಾಣುವವರ ಸ್ಥಿತಿ ಇದಕ್ಕೆ ತದ್ವಿರುದ್ಧ. ಅವರಿಗೆ 11 ಇಂಚಿನ ಪರದೆಯೆಂದರೆ ಮೂಲೆಯಲ್ಲೆಲ್ಲೋ ಇರುವ ಬಟನ್ ಅನ್ನು ತಲೆ ತಿರುಗಿಸಿ ತಿರುಗಿಸಿ ಹುಡುಕುವ ಬಯಲು. ಎಂಟು ಇಂಚಿನ ಪರದೆಯಲ್ಲಿ, ಹೆಚ್ಚು ದೊಡ್ಡದು ಮಾಡದ ಅಕ್ಷರದಲ್ಲಿ ಅವರು ಎಷ್ಟೋ ಬೇಗ ಓದುತ್ತಾರೆ. ಇದನ್ನು ತಿಳಿಯದೆ ಮನೆಯವರು ಅಕ್ಕರೆಯಿಂದ ದೊಡ್ಡದನ್ನೇ ತಂದುಕೊಟ್ಟು, ಬಳಸಬೇಕಾದವರು ಹೇಳಲೂ ಆಗದೆ ಬಿಡಲೂ ಆಗದೆ ಒದ್ದಾಡುವುದನ್ನು ಕಂಡಿದ್ದೇನೆ.

ಬೆಳಕಿನ ಪ್ರಶ್ನೆಯೂ ಹೀಗೆಯೇ. ಕಣ್ಣಿನ ಪೊರೆಯಿರುವವರಿಗೆ, ಬೆಳಕು ಚುಚ್ಚುವವರಿಗೆ ಬಿಳಿ ಹಿನ್ನೆಲೆ ದೊಡ್ಡ ಶತ್ರು. ಪರದೆಯ ಬೆಳಕನ್ನು ಕನಿಷ್ಠಕ್ಕಿಂತಲೂ ಕೆಳಗಿಳಿಸುವ ಆಯ್ಕೆ ಆಂಡ್ರಾಯ್ಡ್ 12ರಿಂದ ಇದೆ. ಐಪ್ಯಾಡ್‌ನಲ್ಲಿ ಬಿಳಿಯ ತೀವ್ರತೆಯನ್ನು ಇಳಿಸುವ ಆಯ್ಕೆ ಇದೆ. ಬಣ್ಣಗಳನ್ನು ತಿರುವುಮುರುವು ಮಾಡುವ ಸೌಲಭ್ಯ ಮೂರೂ ಕಡೆ ಇದ್ದರೂ, ಚಿತ್ರಗಳನ್ನು ಹಾಗೆಯೇ ಬಿಟ್ಟು ಉಳಿದುದನ್ನು ಮಾತ್ರ ತಿರುಗಿಸುವ ಐಪ್ಯಾಡ್‌ನ ಸ್ಮಾರ್ಟ್ ಇನ್ವರ್ಟ್ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಚೊಕ್ಕವಾಗಿದೆ. ಮೊಮ್ಮಗುವಿನ ಫೋಟೊ ನೆಗೆಟಿವ್‌ನಂತೆ ಕಾಣುವುದಿಲ್ಲ. ಅಗ್ಗದ ಟ್ಯಾಬ್ಲೆಟ್‌ಗಳ ಹೊಳೆಯುವ ಗಾಜಿನ ಮೇಲೆ ಕಿಟಕಿಯೂ ದೀಪವೂ ಪ್ರತಿಫಲಿಸುವುದರಿಂದ, ಹೊಳಪಿಲ್ಲದ ಪರದೆ ಹಾಳೆಯೊಂದನ್ನು ಅಂಟಿಸಿಕೊಂಡರೆ ಬಹಳ ಉಪಕಾರವಾಗುತ್ತದೆ.

ಅಕ್ಷರ ದೊಡ್ಡದು ಮಾಡುವುದರಲ್ಲಿ ಎರಡು ದಾರಿಗಳಿವೆ, ಇವನ್ನು ಬೆರೆಸಿ ಮಾತನಾಡುವುದರಿಂದ ಗೊಂದಲವಾಗುತ್ತದೆ. ಫಾಂಟ್ ಅಳತೆ ಹೆಚ್ಚಿಸಿದರೆ ಅಕ್ಷರ ಬೆಳೆದು ಸಾಲುಗಳು ಪರದೆಯ ಅಗಲಕ್ಕೆ ಹೊಂದಿಕೊಂಡು ಮುರಿಯುತ್ತವೆ. ಓದಲು ಇದೇ ಸುಖ. ಪರದೆಯನ್ನೇ ಹಿಗ್ಗಿಸಿದರೆ ಎಲ್ಲವೂ ದೊಡ್ಡದಾಗಿ, ಅರ್ಧ ಸಾಲು ಹೊರಗೆ ಹೋಗಿ, ಬೆರಳಿನಿಂದ ಎಳೆದಾಡುತ್ತ ಓದಬೇಕಾಗುತ್ತದೆ. ಆಂಡ್ರಾಯ್ಡ್ 14ರಿಂದ ಫಾಂಟ್ ಅಳತೆ 200 ಪ್ರತಿಶತದವರೆಗೆ ಏರುತ್ತದೆ, ಈಗಾಗಲೇ ದೊಡ್ಡದಾಗಿರುವ ಶೀರ್ಷಿಕೆಗಳು ಸಣ್ಣ ಅಕ್ಷರಗಳಷ್ಟು ಹಿಗ್ಗದೆ ಜಾಗ ಉಳಿಯುತ್ತದೆ. ಹಿಗ್ಗಿಸುವಿಕೆಯಲ್ಲಿ ಆಂಡ್ರಾಯ್ಡ್ ಎಂಟು ಪಟ್ಟಿನವರೆಗೆ, ಐಪ್ಯಾಡ್ ಹದಿನೈದು ಪಟ್ಟಿನವರೆಗೆ ಹೋಗುತ್ತದೆ. ಇಲ್ಲಿ ಕನ್ನಡದ ಒಂದು ವಿಶೇಷವೂ ಇದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ, ಕಡಿಮೆ ಸ್ಪಷ್ಟತೆಯ ಪರದೆಯಲ್ಲಿ ‘ಕ್ತ’, ‘ಕ್ಕ’ಗಳ ಒತ್ತು ಒಂದೇ ಮುದ್ದೆಯಾಗಿ ಕಾಣುತ್ತದೆ. ಎಂಟು ಇಂಚಿನಲ್ಲಿ 1280 x 800 ಚುಕ್ಕೆಗಳ ಪರದೆಗೂ, 10.2 ಇಂಚಿನಲ್ಲಿ 2160 x 1620 ಚುಕ್ಕೆಗಳ ಐಪ್ಯಾಡ್ ಪರದೆಗೂ ಇರುವ ಅಂತರ ಇಂಗ್ಲಿಷ್ ಅಕ್ಷರಗಳಿಗಿಂತ ಕನ್ನಡದಲ್ಲಿ ಹೆಚ್ಚು ಎದ್ದು ಕಾಣುತ್ತದೆ.

ಓದುವ ದೃಷ್ಟಿ ದಿನದ ಕೊನೆಗೆ ದಣಿಯುವವರು ಪೂರ್ತಿ ಸ್ಕ್ರೀನ್ ರೀಡರ್ ಕಲಿಯಲೇಬೇಕೆಂದಿಲ್ಲ. ಆಂಡ್ರಾಯ್ಡ್‌ನ ಸೆಲೆಕ್ಟ್ ಟು ಸ್ಪೀಕ್, ಐಪ್ಯಾಡ್‌ನ ಸ್ಪೀಕ್ ಸ್ಕ್ರೀನ್ ಇವು ಬೇಕಾದಾಗ ಮಾತ್ರ ಓದುತ್ತವೆ.

ಕಿವಿ, ಕೈ ಮತ್ತು ಕ್ಯಾಮೆರಾ

ಹೆಡ್‌ಫೋನ್ ಕಿಂಡಿಯ ಬಗ್ಗೆ ನಾನು ಇಷ್ಟು ಸಲ ಹೇಳುತ್ತಿರುವುದಕ್ಕೆ ಕಾರಣವಿದೆ. ಬ್ಲೂಟೂತ್ ಹೆಡ್‌ಫೋನ್‌ಗಳು ಶಬ್ದವಿಲ್ಲದಾಗ ನಿದ್ದೆಗೆ ಜಾರುತ್ತವೆ, ಮತ್ತೆ ಮಾತು ಬಂದಾಗ ಎಚ್ಚರಗೊಳ್ಳುವಷ್ಟರಲ್ಲಿ ಮೊದಲ ಅಕ್ಷರ ನುಂಗಿಹೋಗುತ್ತದೆ. ಹಾಡು ಕೇಳುವವರಿಗೆ ಇದು ಗೊತ್ತೇ ಆಗುವುದಿಲ್ಲ. ಸ್ಕ್ರೀನ್ ರೀಡರ್ ಕೇಳುವವರಿಗೆ ‘ಅಳಿಸಿ’ ಎಂಬುದೂ ‘ಳಿಸಿ’, ‘ಉಳಿಸಿ’ ಎಂಬುದೂ ‘ಳಿಸಿ’. ಎರಡು ಪುಟ ಬರೆದು ಮುಗಿಸಿ, ಬೆರಳ ಕೆಳಗಿರುವುದು ಯಾವುದೆಂದು ಗೊತ್ತಾಗದೆ ಎರಡು ಬಟನ್‌ಗಳ ನಡುವೆ ಹಿಂದೆ ಮುಂದೆ ಸರಿದಾಡಿದ ಅನುಭವ ನನಗಿದೆ. ತಂತಿಯ ಹೆಡ್‌ಫೋನ್‌ನಲ್ಲಿ ಈ ತೊಂದರೆ ಇಲ್ಲ. ಕಿಂಡಿ ಇಲ್ಲದ ಟ್ಯಾಬ್ಲೆಟ್ ಆದರೆ ಯುಎಸ್‌ಬಿ-ಸಿ ತಂತಿಯ ಹೆಡ್‌ಫೋನ್ ಇಟ್ಟುಕೊಳ್ಳಿ, ಚಾರ್ಜ್ ಮಾಡುತ್ತ ಕೇಳಲಾಗುವುದಿಲ್ಲ ಎಂಬ ಮಿತಿ ಮಾತ್ರ ಉಳಿಯುತ್ತದೆ.

ಚಾರ್ಜಿಂಗ್ ಕಿಂಡಿ ಯುಎಸ್‌ಬಿ-ಸಿ ಆಗಿದ್ದರೆ ತಂತಿಯನ್ನು ಹೇಗೆ ಹಿಡಿದರೂ ಸೇರುತ್ತದೆ. ಹಳೆಯ ಮೈಕ್ರೋ ಯುಎಸ್‌ಬಿಯಲ್ಲಿ ಮೇಲು ಕೆಳಗು ತಡವಿ ನೋಡದೆ ತುರುಕಿ ಕಿಂಡಿ ಮುರಿದುಕೊಂಡವರಿದ್ದಾರೆ. ಪವರ್ ಬಟನ್ನೂ ಧ್ವನಿ ಬಟನ್ನೂ ಬೆರಳಿಗೆ ಬೇರೆ ಬೇರೆಯಾಗಿ ಸಿಗುತ್ತವೆಯೇ, ಹಿಡಿದ ಕೈ ಸ್ಪೀಕರ್ ಮುಚ್ಚುತ್ತದೆಯೇ ಎಂಬುದನ್ನು ಕೈಯಲ್ಲಿ ಹಿಡಿದೇ ತಿಳಿಯಬೇಕು.

ಕ್ಯಾಮೆರಾ ಬಳಸಿ ಮುದ್ರಿತ ಪತ್ರ ಓದಿಸುವ ಆಸೆಯಿಂದ ಟ್ಯಾಬ್ಲೆಟ್ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಸೀಯಿಂಗ್ ಎಐ, ಲುಕ್‌ಔಟ್, ಬಿ ಮೈ ಐಸ್ ಮುಂತಾದ ಆ್ಯಪ್‌ಗಳಿಗೆ ಬೇಕಾದುದು ಹತ್ತಿರದ ಅಕ್ಷರಕ್ಕೆ ತಾನೇ ಕೇಂದ್ರೀಕರಿಸಿಕೊಳ್ಳುವ ಕ್ಯಾಮೆರಾ. ಅಗ್ಗದ ಟ್ಯಾಬ್ಲೆಟ್‌ಗಳಲ್ಲಿ ಅದು ಬಹುಮಟ್ಟಿಗೆ ಇರುವುದಿಲ್ಲ, ಫ್ಲ್ಯಾಶ್ ಇರುವುದು ಇನ್ನೂ ಅಪರೂಪ. 2022ರ ಫೈರ್ ಎಚ್‌ಡಿ 8ರ ಹಿಂಬದಿಯ ಕ್ಯಾಮೆರಾ ಕೇವಲ 2 ಮೆಗಾಪಿಕ್ಸೆಲ್‌ನದು. ಅದರಿಂದ ಔಷಧದ ಚೀಟಿ ಓದಿಸುವ ನಂಬಿಕೆ ಬೇಡ. ಈ ಕೆಲಸವನ್ನು ಫೋನಿಗೆ ಬಿಟ್ಟು, ಟ್ಯಾಬ್ಲೆಟ್ ಅನ್ನು ಓದು ಬರೆಹಕ್ಕೆ ಇಟ್ಟುಕೊಳ್ಳುವುದು ಜಾಣತನ.

ಬ್ರೈಲ್ ಬಳಸುವವರಿಗೆ

ಬ್ರೈಲ್ ತಿಳಿದವರು ಪರದೆಯನ್ನೇ ಆರು ಚುಕ್ಕೆಗಳ ಕೀಲಿಮಣೆಯಾಗಿ ಬಳಸಿ ಬರೆಯಬಹುದು. ಐಪ್ಯಾಡ್‌ನಲ್ಲಿ ಇದು 2014ರಿಂದಲೂ, ಟಾಕ್‌ಬ್ಯಾಕ್‌ನಲ್ಲಿ 2020ರಿಂದಲೂ ಇದೆ. ಇಲ್ಲಿ ಅಗ್ಗದ ಟ್ಯಾಬ್ಲೆಟ್‌ನ ಒಂದು ಮರೆಯಾದ ದೌರ್ಬಲ್ಯ ಹೊರಬರುತ್ತದೆ. ಭಾರತೀಯ ಭಾಷೆಗಳಿಗಾಗಿ ಇರುವ ಭಾರತಿ ಬ್ರೈಲ್‌ನಲ್ಲಿ ‘ಕ್ಷ’ ಬರೆಯಲು ಒಂದರಿಂದ ಐದರವರೆಗಿನ ಐದು ಚುಕ್ಕೆಗಳನ್ನು ಒಂದೇ ಸಲ ಒತ್ತಬೇಕು. ಪರದೆ ಏಕಕಾಲಕ್ಕೆ ಎರಡೇ ಬೆರಳುಗಳನ್ನು ಗುರುತಿಸುವಂಥದಾದರೆ ಬರೆಹ ಅಲ್ಲಿಗೇ ನಿಂತಿತು. ಎಷ್ಟು ಬೆರಳುಗಳ ಸ್ಪರ್ಶವನ್ನು ಪರದೆ ಗುರುತಿಸುತ್ತದೆ ಎಂಬುದನ್ನು ತಾಂತ್ರಿಕ ವಿವರದಲ್ಲಿ ಹುಡುಕಿ. ಹತ್ತು ಇದ್ದರೆ ಚಿಂತೆಯಿಲ್ಲ. ಪರದೆಯ ಬರೆಹವನ್ನು ಬೆರಳಿಗೆ ತಾಗುವ ಚುಕ್ಕೆಗಳಾಗಿ ಎಬ್ಬಿಸಿ ತೋರಿಸುವ ಪ್ರತ್ಯೇಕ ಬ್ರೈಲ್ ಡಿಸ್‌ಪ್ಲೇ ಇರುವವರಿಗೆ ಐಪ್ಯಾಡ್ ಇಂದಿಗೂ ಹೆಚ್ಚು ಭರವಸೆಯದು. ಟಾಕ್‌ಬ್ಯಾಕ್ 2022ರಲ್ಲಿ, ಅದರ ಹದಿಮೂರನೆಯ ಆವೃತ್ತಿಯಲ್ಲಿ, ಬ್ರೈಲ್ ಡಿಸ್‌ಪ್ಲೇ ಬೆಂಬಲವನ್ನು ಒಳಗೇ ಸೇರಿಸಿಕೊಂಡ ಮೇಲೆ ಅಂತರ ಕಡಿಮೆಯಾಗಿದೆ.

ಯಾರಿಗೆ ಯಾವುದು

ಪೂರ್ತಿ ಅಂಧರಾಗಿದ್ದು ಕನ್ನಡದಲ್ಲಿ ಓದಿ ಬರೆಯುವವರಿಗೆ, ಹೊಸದೇ ಬೇಕೆಂದಾದರೆ, 4 ಜಿಬಿ ರ‍್ಯಾಮ್ ಇರುವ ಹೆಸರಾಂತ ತಯಾರಕರ ಎಂಟು ಅಥವಾ ಒಂಬತ್ತು ಇಂಚಿನ ಆಂಡ್ರಾಯ್ಡ್ ಟ್ಯಾಬ್ಲೆಟ್ ನನ್ನ ಮೊದಲ ಸಲಹೆ. ಹಳೆಯದಾದರೂ ಪರವಾಗಿಲ್ಲ, ಹೆಚ್ಚು ವರ್ಷ ಬಾಳಬೇಕು, ಬ್ರೈಲ್ ಡಿಸ್‌ಪ್ಲೇ ಜೋಡಿಸಬೇಕು ಎನ್ನುವವರು ಒಂಬತ್ತನೆಯ ಪೀಳಿಗೆಯ ಐಪ್ಯಾಡ್ ಹುಡುಕಲಿ. ನಡುದೃಷ್ಟಿ ಮಸುಕಾದವರಿಗೂ ಅದೇ ಐಪ್ಯಾಡ್, ಇಲ್ಲವೆ 11 ಇಂಚಿನ ಆಂಡ್ರಾಯ್ಡ್. ಕೊಳವೆ ದೃಷ್ಟಿಯವರಿಗೆ ಎಂಟು ಇಂಚು. ಧ್ವನಿಪುಸ್ತಕ ಕೇಳುವುದಷ್ಟೇ ಸಾಕಾದವರಿಗೆ, ಅದೂ ಇಂಗ್ಲಿಷಿನಲ್ಲಿ, ಫೈರ್.

ತಂದ ಮೇಲೆ ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ ದಿನವೂ ಬಳಸುವ ಆ್ಯಪ್‌ಗಳನ್ನೆಲ್ಲ ಹಾಕಿಕೊಂಡು, ಒಂದೊಂದರಲ್ಲೂ ಮೊದಲ ಅಂಶದಿಂದ ಕೊನೆಯವರೆಗೆ ಬೆರಳು ಬೀಸುತ್ತ ಹೋಗಿ. ಹೆಸರಿಲ್ಲದ ಬಟನ್‌ಗಳು ಎಲ್ಲೆಲ್ಲಿ ಸಿಗುತ್ತವೆ ಎಂದು ಗುರುತು ಹಾಕಿಕೊಳ್ಳಿ. ಟಾಕ್‌ಬ್ಯಾಕ್‌ನಲ್ಲೂ ವಾಯ್ಸ್‌ಓವರ್‌ನಲ್ಲೂ ಅಂಥ ಬಟನ್‌ಗಳಿಗೆ ನಾವೇ ಹೆಸರಿಡುವ ಸೌಲಭ್ಯವಿದೆ. ಕೊನೆಯದಾಗಿ ಸ್ಕ್ರೀನ್ ರೀಡರ್ ಅನ್ನು ಒಮ್ಮೆ ಬೇಕೆಂದೇ ನಿಲ್ಲಿಸಿ, ಸಾಧನವನ್ನು ಆರಿಸಿ ಮತ್ತೆ ಚಾಲೂ ಮಾಡಿ, ಬೀಗದ ಪರದೆಯಲ್ಲೇ ಮಾತನ್ನು ಮರಳಿ ತರಲು ಯಾರ ಸಹಾಯವೂ ಬೇಕಾಗಲಿಲ್ಲ ಎಂಬುದು ಖಚಿತವಾದ ಮೇಲೆ ಪೆಟ್ಟಿಗೆಯನ್ನು ಎಸೆಯಿರಿ.